ಮುಸ್ಸಂಜೆಯ ಬೆಟ್ಟಸಾಲು ಜಲವರ್ಣದಲ್ಲಿ: ಬಣ್ಣ ಕೆಸರಾಗದಂತೆ, ಭಾವ ಕೈತಪ್ಪದಂತೆ ಬಿಡಿಸುವ ಕ್ರಮ

ಮುಸ್ಸಂಜೆಯ ಬೆಟ್ಟಗಳನ್ನು ಜಲವರ್ಣದಲ್ಲಿ ಬಿಡಿಸುವವರ ಕೆಲಸ ಮತ್ತೆ ಮತ್ತೆ ಅದೇ ಮೂರು ಕಡೆ ಕೆಡುತ್ತದೆ. ಆಕಾಶದಲ್ಲಿ ಹಳದಿ ಮತ್ತು ನೀಲಿ ಕೂಡುವಲ್ಲಿ ಹಸಿರು ಹುಟ್ಟುತ್ತದೆ, ಇಲ್ಲವೇ ಕಿತ್ತಳೆ ಮತ್ತು ನೀಲಿ ಬೆರೆತು ಕೆಸರಾಗುತ್ತದೆ. ಬೆಟ್ಟಗಳು ಕಪ್ಪು ಕಾಗದವನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಇವೆರಡನ್ನೂ ದಾಟಿದವರ ಚಿತ್ರದಲ್ಲಿ ಬಣ್ಣವೇನೋ ಧಾರಾಳವಾಗಿರುತ್ತದೆ, ಆದರೆ ಆ ಹೊತ್ತಿನ ಮೌನವಾಗಲಿ ತಂಪಾಗಲಿ ಇರುವುದಿಲ್ಲ.

ಇನ್ನೂ ಒಳ್ಳೆಯ ಬಣ್ಣ ಕೊಂಡರೆ ಸರಿಹೋದೀತು ಎಂದು ಹಲವರು ಭಾವಿಸುತ್ತಾರೆ. ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಸಂಜೆಯ ಚಿತ್ರದ ಭಾವವನ್ನು ಮುಕ್ಕಾಲು ಪಾಲು ನಿರ್ಧರಿಸುವುದು ಎಲ್ಲಿ ಎಷ್ಟು ತಿಳಿ, ಎಲ್ಲಿ ಎಷ್ಟು ಗಾಢ ಎಂಬ ಲೆಕ್ಕ. ಕೆಂಪು, ಕಿತ್ತಳೆಗಳು ಆ ಲೆಕ್ಕ ಸರಿಯಿದ್ದಾಗ ಮಾತ್ರ ಹೊಳೆಯುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅದೇ ಅನುಕ್ರಮದಲ್ಲಿ ಅನುಸರಿಸಿ.

ಹಂತ 1: ಹೊತ್ತು ಮತ್ತು ದಿಕ್ಕನ್ನು ಗೊತ್ತುಮಾಡಿಕೊಳ್ಳಿ

ಸಂಜೆಯ ಬೆಳಕು ಒಂದೇ ಬಗೆಯದಲ್ಲ. ಸೂರ್ಯ ಇನ್ನೂ ದಿಗಂತದ ಮೇಲಿದ್ದು ಪಕ್ಕದಿಂದ ಬೆಳಕು ಚೆಲ್ಲುತ್ತಿದ್ದರೆ ಶಿಖರಗಳ ಒಂದು ಮಗ್ಗುಲು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಕಣಿವೆ ಆಗಲೇ ನೀಲಿ ನೆರಳಿನಲ್ಲಿ ಮುಳುಗಿರುತ್ತದೆ. ಸೂರ್ಯ ಮುಳುಗಿದ ಮೇಲೆ ಪಡುವಣಕ್ಕೆ ಮುಖಮಾಡಿ ನಿಂತರೆ ಬೆಳಕೆಲ್ಲ ಬೆಟ್ಟಗಳ ಬೆನ್ನ ಹಿಂದಿರುತ್ತದೆ. ನಮ್ಮ ಕಡೆಯ ಮೈಗೆ ನೇರ ಬೆಳಕೇ ಇಲ್ಲ. ಅದೇ ಹೊತ್ತಿನಲ್ಲಿ ಮೂಡಣಕ್ಕೆ ತಿರುಗಿದರೆ ದಿಗಂತದ ಅಂಚಿನಲ್ಲಿ ನೀಲಿಬೂದು ಪಟ್ಟಿಯೊಂದು ಮೇಲೇರುತ್ತಿರುತ್ತದೆ. ಅದು ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಅದರ ಮೇಲೆ ಮೆಲುವಾದ ಗುಲಾಬಿ ಪಟ್ಟಿ ಇರುತ್ತದೆ.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಬೆಟ್ಟದ ಹಿಂದೆ ಸೂರ್ಯನನ್ನಿಟ್ಟು, ಅದೇ ಬೆಟ್ಟದ ಮುಂಭಾಗಕ್ಕೆ ಹೊಂಬಿಸಿಲು ಬಳಿಯುವುದು ಬಹಳ ಸಾಮಾನ್ಯವಾದ ತಪ್ಪು. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಚಿತ್ರ ಸುಳ್ಳು ಹೇಳುತ್ತಿದೆ ಎಂದು ತಕ್ಷಣ ಅನಿಸುತ್ತದೆ.

ಈ ಮಾರ್ಗದರ್ಶಿ ಎರಡನೆಯ ಬೆಳಕಿಗೆ, ಅಂದರೆ ಸೂರ್ಯ ಮುಳುಗಿದ ನಂತರದ ಪಡುವಣಕ್ಕೆ ಸಂಬಂಧಿಸಿದ್ದು. ಬೆಟ್ಟಸಾಲುಗಳು ಒಂದರ ಹಿಂದೊಂದು ಪದರಪದರವಾಗಿ ಕಾಣುವುದು ಇಲ್ಲಿಯೇ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ಈ ಬೆಳಕು ಇರುತ್ತದೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಅದು ಸುಮಾರು 20ರಿಂದ 25 ನಿಮಿಷ. ಧ್ರುವಗಳ ಕಡೆಗೆ ಹೋದಂತೆ ಹೆಚ್ಚುತ್ತದೆ. ಅಷ್ಟರೊಳಗೆ ಸ್ಥಳದಲ್ಲೇ ಚಿತ್ರ ಮುಗಿಸುವುದು ಕಷ್ಟ. ಟಿಪ್ಪಣಿ ಮಾಡಿಕೊಂಡು ಬಂದು ಮನೆಯಲ್ಲಿ ಬಿಡಿಸುವುದೇ ವಾಸಿ.

ಟಿಪ್ಪಣಿ ಎಂದರೆ ಫೋಟೊ ಒಂದೇ ಅಲ್ಲ. ಮೊಬೈಲ್ ಕ್ಯಾಮೆರಾ ಆಕಾಶಕ್ಕೆ ಬೆಳಕು ಹೊಂದಿಸಿಕೊಂಡಾಗ ಬೆಟ್ಟಗಳನ್ನು ಬರೀ ಕಪ್ಪಾಗಿಸುತ್ತದೆ, ಎಷ್ಟೋ ಸಲ ಕೆಂಪನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪೆನ್ಸಿಲಿನಲ್ಲಿ ಬೆಟ್ಟಗಳ ಅಂಚನ್ನು ಗೀಚಿಕೊಂಡು ಪ್ರತಿ ಸಾಲಿನ ಮೇಲೆ ಎರಡು ಮಾತು ಬರೆದುಕೊಳ್ಳಿ: “ಆಕಾಶಕ್ಕಿಂತ ತುಸುವೇ ಗಾಢ, ನೇರಳೆ”, “ಬುಡದಲ್ಲಿ ಮಂಜು, ಬೂದು” ಎಂಬಂತೆ. ಕೆಲಸಕ್ಕೆ ಕುಳಿತಾಗ ಫೋಟೊಗಿಂತ ಈ ಸಾಲುಗಳೇ ಹೆಚ್ಚು ನೆರವಾಗುತ್ತವೆ.

ಹಂತ 2: ಸಾಮಗ್ರಿ

ಕಾಗದದಲ್ಲಿ ಉಳಿತಾಯ ಮಾಡಬೇಡಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್ ಕಾಗದ, ಅಂದರೆ ಮೈ ತುಸು ತರಿಯಾಗಿರುವ ಕಾಗದ ಬೇಕು. ತೆಳು ಕಾಗದ ನೀರು ಕುಡಿದು ಅಲೆಯಲೆಯಾಗಿ ಏಳುತ್ತದೆ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. ಹತ್ತಿಯಿಲ್ಲದ ಕಾಗದ ಬೇಗ ಒಣಗುವುದರಿಂದ ಆಕಾಶಕ್ಕೆ ಬೇಕಾದ ಸಮಯ ಸಿಗುವುದಿಲ್ಲ. ಅಳತೆ 28×38 ಸೆಂಟಿಮೀಟರ್ ಇದ್ದರೆ ಸಾಕು. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗೆಗೆ ಬಿಗಿಯಾಗಿ ಅಂಟಿಸಿ.

ಕುಂಚಗಳು ಮೂರು: ನೀರು ಮತ್ತು ಆಕಾಶಕ್ಕೆ ಒಂದೂವರೆ ಅಂಗುಲದ ಚಪ್ಪಟೆ ಕುಂಚ, ಬೆಟ್ಟಗಳಿಗೆ 12ನೇ ಸಂಖ್ಯೆಯ ದುಂಡು ಕುಂಚ, ಕೊನೆಯ ಸಣ್ಣ ಕೆಲಸಕ್ಕೆ ರಿಗ್ಗರ್ ಎಂಬ ಉದ್ದ ಕೂದಲಿನ ತೆಳು ಕುಂಚ. ನೀರಿನ ಪಾತ್ರೆ ಎರಡಿರಲಿ, ಒಂದು ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಆಕಾಶ ಮಂಕಾಗುವುದಕ್ಕೆ ಒಂದೇ ಪಾತ್ರೆಯ ಕದಡಿದ ನೀರು ಎಷ್ಟೋ ಸಲ ಕಾರಣವಾಗಿರುತ್ತದೆ. ಜೊತೆಗೆ ಹಳೆಯ ಹತ್ತಿ ಬಟ್ಟೆ ಮತ್ತು ಟಿಶ್ಯೂ ಕಾಗದ.

ಬಣ್ಣಗಳು ನಾಲ್ಕೇ ಸಾಕು: ನ್ಯೂ ಗ್ಯಾಂಬೋಜ್‌ನಂಥ ಬೆಚ್ಚನೆಯ ಹಳದಿ, ಪರ್ಮನೆಂಟ್ ರೋಸ್ ಎಂಬ ಗುಲಾಬಿ, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಕಪ್ಪು ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ಥ್ಯಾಲೊ ನೀಲಿ ಹಸಿರಿನ ಕಡೆ ವಾಲಿದ್ದು, ಹಳದಿ ಸೋಕಿದರೆ ಸಾಕು ಹಸಿರಾಗಿಬಿಡುತ್ತದೆ. ಅಲ್ಟ್ರಾಮರೀನ್ ಕೆಂಪಿನ ಕಡೆ ವಾಲಿರುವುದರಿಂದ ಸಂಜೆಗೆ ಹೊಂದುತ್ತದೆ. ಇನ್ನೊಂದು ಎಚ್ಚರ: ಟ್ಯೂಬಿನ ಮೇಲೆ ವರ್ಣದ್ರವ್ಯದ ಸಂಕೇತ ಪಿಆರ್ 83 (PR83) ಎಂದಿದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಕ್ರಮೇಣ ಮಾಸುತ್ತದೆ. ಪಿವಿ 19 (PV19) ಎಂದಿರುವ ರೋಸ್ ಹೆಚ್ಚು ಬಾಳುತ್ತದೆ.

ಹಂತ 3: ಒಂದೇ ಬಣ್ಣದ ಪುಟ್ಟ ಕರಡು

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಚಿತ್ರ ಸೋಲುವುದೂ ಇಲ್ಲಿಂದಲೇ.

ಅಂಗೈಯಗಲದ ಕಾಗದದಲ್ಲಿ ಬರೀ ಪೆನ್ಸಿಲ್ ಅಥವಾ ಒಂದೇ ಬೂದುಬಣ್ಣದಿಂದ ಇಡೀ ಚಿತ್ರವನ್ನು ಬಿಡಿಸಿ. ಬಿಳಿ ಕಾಗದಕ್ಕೆ 1, ನಿಮ್ಮ ಕೈಲಾದಷ್ಟು ಗಾಢವಾದ ಬಣ್ಣಕ್ಕೆ 9 ಎಂದು ಅಂಕ ಇಟ್ಟುಕೊಳ್ಳಿ. ದಿಗಂತದ ಮೇಲಿನ ಆಕಾಶ 1 ಅಥವಾ 2, ನೆತ್ತಿಯ ಆಕಾಶ 4. ಅತ್ಯಂತ ದೂರದ ಬೆಟ್ಟ 3, ಅದರ ಮುಂದಿನದು 4, ಮತ್ತೊಂದು 6, ತೀರಾ ಹತ್ತಿರದ್ದು 8. 9 ಎಂಬುದನ್ನು ಮುನ್ನೆಲೆಯ ಒಂದೆರಡು ಮರಗಳಿಗೆ ಮಾತ್ರ ಮೀಸಲಿಡಿ.

ಭಾವವನ್ನು ಗೊತ್ತುಮಾಡುವುದೂ ಈ ಕರಡಿನಲ್ಲೇ. ಶಾಂತವಾದ ಸಂಜೆ ಬೇಕೆಂದರೆ ಅಂಕಗಳ ನಡುವಿನ ಅಂತರ ಕಿರಿದಾಗಿರಲಿ: ಅತ್ಯಂತ ಗಾಢವಾದದ್ದೂ 6ಕ್ಕೆ ನಿಲ್ಲಲಿ, ಬೆಟ್ಟಗಳ ಅಂಚು ನಿಧಾನವಾಗಿ ಇಳಿಯಲಿ. ಒಂಟಿತನ ಅಥವಾ ಅಳುಕು ಬೇಕಿದ್ದರೆ ಕಾಗದದ ಮೂರನೇ ಎರಡು ಭಾಗವನ್ನು ಗಾಢವಾಗಿಸಿ, ಬೆಳಕನ್ನು ಒಂದು ಕಿರಿದಾದ ಪಟ್ಟಿಗೆ ಇಳಿಸಿ. ಸಂಜೆಯ ವಿಷಾದಕ್ಕೆ ಬೆಚ್ಚನೆಯ ಬಣ್ಣ ಬಹಳ ಕಡಿಮೆ ಇದ್ದು, ನೇರಳೆಬೂದು ಹೆಚ್ಚಿರಬೇಕು. ಯಾವ ಭಾವವಾದರೂ ಸರಿ, ಬೆಚ್ಚನೆಯ ಮತ್ತು ತಣ್ಣನೆಯ ಬಣ್ಣಗಳು ಸಮಪಾಲಾಗಬಾರದು. ಅರ್ಧ ಕಿತ್ತಳೆ, ಅರ್ಧ ನೀಲಿ ಇದ್ದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ನನ್ನ ಮಟ್ಟಿಗೆ ಬೆಚ್ಚನೆಯ ಪಾಲು ಐದರಲ್ಲಿ ಒಂದನ್ನು ಮೀರದಿದ್ದರೆ ಒಳ್ಳೆಯದು.

ಕರಡನ್ನು ಕೋಣೆಯ ಆ ತುದಿಯಲ್ಲಿಟ್ಟು ಕಣ್ಣು ಕಿರಿದಾಗಿಸಿ ನೋಡಿ. ಬೆಟ್ಟಸಾಲುಗಳು ಬೇರೆಬೇರೆಯಾಗಿ ಕಾಣದಿದ್ದರೆ ಬಣ್ಣ ಹಚ್ಚಿದರೂ ಕಾಣುವುದಿಲ್ಲ. ಇನ್ನೊಂದು ಕರಡು ಮಾಡಿ.

ಹಂತ 4: ಬಣ್ಣಗಳನ್ನು ಮೊದಲೇ ಕಲಸಿಡಿ

ಒದ್ದೆ ಕಾಗದ ಕಾಯುವುದಿಲ್ಲ. ನೀರು ಹಚ್ಚಿದ ಮೇಲೆ ಬಣ್ಣ ಕಲಸಲು ಕೂತರೆ ಹದ ತಪ್ಪುತ್ತದೆ. ಆಕಾಶಕ್ಕೆ ಬಣ್ಣದ ತಟ್ಟೆಯ ಮೂರು ಗುಂಡಿಗಳಲ್ಲಿ ಧಾರಾಳವಾಗಿ ಕಲಸಿಡಿ: ತಿಳಿಹಳದಿ, ಪರ್ಮನೆಂಟ್ ರೋಸ್‌ಗೆ ಹಳದಿಯ ಸೋಂಕು, ಅಲ್ಟ್ರಾಮರೀನ್‌ಗೆ ರೋಸ್‌ನ ಸೋಂಕು. ಬೆಟ್ಟಗಳ ಬಣ್ಣಗಳನ್ನು ಆಕಾಶ ಒಣಗುವಾಗ ಕಲಸಿಕೊಂಡರೆ ಸಾಕು.

ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಬೇಕಾದದ್ದಕ್ಕಿಂತ ಒಂದು ಅಂಕ ಗಾಢವಾಗಿ ಕಲಸಿ, ಅದೇ ಕಾಗದದ ತುಂಡಿನ ಮೇಲೆ ಹಚ್ಚಿ, ಒಣಗಿಸಿ ನೋಡಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಹಳದಿಯ ಹೊಳಪು ಎಷ್ಟೆಂದು ಆ ಬೆಳಕಿನಲ್ಲಿ ತಿಳಿಯುವುದೇ ಇಲ್ಲ. ಹಗಲಿನಲ್ಲಿ, ಕಿಟಕಿಯ ಬಳಿ ಕೆಲಸ ಮಾಡಿ.

ಹಂತ 5: ಆಕಾಶ

ಆಕಾಶದ ಬಣ್ಣಗಳ ಅನುಕ್ರಮಕ್ಕೆ ಕಾರಣವಿದೆ. ಸಂಜೆಯ ಓರೆಬೆಳಕು ಗಾಳಿಯಲ್ಲಿ ಬಹಳ ದೂರ ಸಾಗಿ ಬರುವಾಗ ನೀಲಿ ಭಾಗ ದಾರಿಯಲ್ಲೇ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ನೆತ್ತಿಯ ಮೇಲೆ ನೀಲಿಯೇ ಇರುತ್ತದೆ. ಹಾಗಾಗಿ ದಿಗಂತದಿಂದ ಮೇಲಕ್ಕೆ ಹಳದಿ, ಕಿತ್ತಳೆ, ಗುಲಾಬಿ, ತಿಳಿನೇರಳೆ, ನೀಲಿ. ಹಳದಿ ಮತ್ತು ನೀಲಿಯ ನಡುವೆ ಗುಲಾಬಿ ಬಂದು ನಿಲ್ಲುತ್ತದೆ ಎಂಬುದೇ ನಿಮಗೆ ಬೇಕಾದ ಕೀಲಿ. ಗುಲಾಬಿಯ ಜೊತೆ ಹಳದಿ ಕೂಡಿದರೆ ಕಿತ್ತಳೆ, ನೀಲಿ ಕೂಡಿದರೆ ನೇರಳೆ, ಎರಡೂ ಸ್ವಚ್ಛ. ಹಳದಿ ಮತ್ತು ನೀಲಿ ನೇರವಾಗಿ ಮುಟ್ಟದಂತೆ ನೋಡಿಕೊಂಡರೆ ಹಸಿರಿನ ಕಾಟ ತಪ್ಪಿತು. ನಿಜವಾದ ಆಕಾಶದಲ್ಲಿ ಒಮ್ಮೊಮ್ಮೆ ಆ ನಡುವೆ ತೀರಾ ತೆಳುವಾದ ಹಸಿರು ಛಾಯೆ ಇರುವುದುಂಟು. ಆದರೆ ಕಾಗದದ ಮೇಲೆ ಅದು ಕೈತಪ್ಪಿನಂತೆಯೇ ಕಾಣುತ್ತದೆ. ಸದ್ಯಕ್ಕೆ ಬಿಡಿ.

ಹಲಗೆಯ ಮೇಲಂಚನ್ನು ಎರಡು ಬೆರಳಷ್ಟು ಎತ್ತರಿಸಿ. ಚಪ್ಪಟೆ ಕುಂಚದಿಂದ ಇಡೀ ಕಾಗದಕ್ಕೆ ಶುದ್ಧ ನೀರು ಹಚ್ಚಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಹಚ್ಚಿ. ಈಗ ಕಣ್ಣನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಬೆಳಕಿನ ಕಡೆ ನೋಡಿ. ಕೆಲವು ಕಡೆ ನೀರು ನಿಂತು ಕನ್ನಡಿಯಂತಿದ್ದರೆ, ಕೆಲವು ಕಡೆ ಮೈ ಮಂಕಾಗಿದ್ದರೆ ಇನ್ನೂ ಹದ ಬಂದಿಲ್ಲ. ಇಡೀ ಮೈ ಒಂದೇ ಸಮನೆ ಮೆಲ್ಲಗೆ ಮಿರುಗಿದಾಗ ಶುರುಮಾಡಿ.

ಮೊದಲು ಹಳದಿಯನ್ನು ದಿಗಂತದ ಪಟ್ಟಿಗೆ ಹಚ್ಚಿ, ಬೆಟ್ಟಗಳು ಬರಬೇಕಾದ ಜಾಗದ ಮೇಲೂ ತೆಳುವಾಗಿ ಕೆಳಗಿನವರೆಗೆ ಎಳೆಯಿರಿ. ಬೆಟ್ಟದ ಜಾಗವನ್ನು ಬಿಳಿಯಾಗಿ ಬಿಟ್ಟರೆ ಮುಂದೆ ಆಕಾಶಕ್ಕೂ ಬೆಟ್ಟಕ್ಕೂ ನಡುವೆ ಬಿಳಿಗೆರೆ ಉಳಿಯುತ್ತದೆ. ಹಳದಿಯ ಮೇಲಂಚಿಗೆ ಅರ್ಧ ಹಾಯುವಂತೆ ಗುಲಾಬಿ ಹಚ್ಚಿ. ಕುಂಚವನ್ನು ಚೆನ್ನಾಗಿ ತೊಳೆದು, ಕಾಗದದ ಮೇಲ್ತುದಿಯಿಂದ ನೀಲಿಯನ್ನು ಅಡ್ಡಡ್ಡವಾಗಿ ಇಳಿಸುತ್ತ ಬನ್ನಿ. ಗುಲಾಬಿಯನ್ನು ಮುಟ್ಟಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಕುಂಚಕ್ಕೆ ಕೆಲಸವಿಲ್ಲ. ಹಲಗೆಯನ್ನು ಕೈಗೆತ್ತಿಕೊಂಡು ಆಚೆ ಈಚೆ ವಾಲಿಸಿ. ಬಣ್ಣಗಳು ತಾವೇ ಬೆರೆಯಲಿ. ಸರಿಮಾಡುತ್ತೇನೆಂದು ಕುಂಚವನ್ನು ಮೇಲೆ ಕೆಳಗೆ ಆಡಿಸಿದರೆ ಕೆಸರಾಗುವುದು ಖಚಿತ. ಕೆಳಗಿನ ಟೇಪಿನ ಅಂಚಿನಲ್ಲಿ ನಿಂತ ಬಣ್ಣದ ನೀರನ್ನು ಹಿಂಡಿದ ಕುಂಚದ ತುದಿಯಿಂದ ಹೀರಿಕೊಳ್ಳಿ, ಇಲ್ಲದಿದ್ದರೆ ಅದು ಹಿಂದಕ್ಕೆ ಹರಿದು ಕಲೆ ಮಾಡುತ್ತದೆ.

ಇಷ್ಟು ವೇಗ ಕೈಗೆ ಬಾರದವರು ಎರಡು ಸುತ್ತಿನಲ್ಲಿ ಮಾಡಬಹುದು. ಹಳದಿ ಮತ್ತು ಗುಲಾಬಿಯನ್ನು ಹಚ್ಚಿ ಪೂರ್ತಿ ಒಣಗಲು ಬಿಡಿ. ಆಮೇಲೆ ಮೃದುವಾದ ಕುಂಚದಿಂದ, ಉಜ್ಜದೆ, ಮತ್ತೆ ನೀರು ಹಚ್ಚಿ ನೀಲಿಯನ್ನು ಮೇಲಿಂದ ಇಳಿಸಿ. ಹೊಸಬರಿಗೆ ನಾನು ಸೂಚಿಸುವುದು ಇದನ್ನೇ.

ಮೋಡ ಬೇಕಿದ್ದರೆ ಮೈ ಇನ್ನೂ ಮಿರುಗುತ್ತಿರುವಾಗ, ನೀರು ಕಡಿಮೆಯಿರುವ ನೇರಳೆಬೂದು ಬಣ್ಣದಿಂದ ಒಂದೆರಡು ಪಟ್ಟಿ ಎಳೆಯಿರಿ. ದಿಗಂತದ ಬಳಿ ಕಿರಿದು, ಮೇಲೆ ಹೋದಂತೆ ಅಗಲ. ಸೂರ್ಯ ಮುಳುಗಿದ ಮೇಲೆ ಬೆಳಕು ಕೆಳಗಿನಿಂದ ತಾಗುವುದರಿಂದ ಮೋಡದ ಹೊಟ್ಟೆ ಕೆಂಪಾಗಿ, ಬೆನ್ನು ಬೂದಾಗಿರಬೇಕು. ಮಧ್ಯಾಹ್ನದ ಮೋಡಕ್ಕೆ ಇದು ತಿರುವುಮುರುವು.

ಹಂತ 6: ಕೈಕಟ್ಟಿ ಕೂರಬೇಕಾದ ಹೊತ್ತು

ಅರ್ಧ ಒಣಗಿದ ಕಾಗದ ಅತ್ಯಂತ ಅಪಾಯಕಾರಿ. ಹೊಳಪು ಆರಿದೆ, ಆದರೆ ಕಾಗದದೊಳಗೆ ತೇವ ಇದೆ ಎಂಬ ಆ ಹೊತ್ತಿನಲ್ಲಿ ಒಂದು ಹನಿ ನೀರು ಬಿದ್ದರೂ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ಮೊದಲ ಕಲೆ ಕಂಡಾಗ ತಿದ್ದಲು ಹೋಗಬೇಡಿ, ಎರಡನೆಯದು ಏಳುತ್ತದೆ.

ಒಣಗಿದೆಯೇ ಎಂದು ನೋಡಲು ಬೆರಳ ತುದಿ ಬೇಡ, ಮುಂಗೈಯ ಹಿಂಭಾಗವನ್ನು ಕಾಗದದ ಹತ್ತಿರ ತನ್ನಿ. ತಂಪು ತಾಗಿದರೆ ಇನ್ನೂ ತೇವ ಇದೆ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಪೂರ್ತಿ ಆರಿದ ಮೇಲೆ, ಒಂದು ಮೊಳ ದೂರದಿಂದ ಬಳಸಿ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ಒಂದು ಕಡೆಗೆ ನೂಕುತ್ತದೆ.

ಹಂತ 7: ಬೆಟ್ಟಸಾಲುಗಳು, ದೂರದಿಂದ ಹತ್ತಿರಕ್ಕೆ

ಮೊದಲ ಬೆಟ್ಟವನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಹಚ್ಚಿ. ಇಲ್ಲಿ ಧೈರ್ಯ ಬೇಕು. ದೂರದ ಸಾಲನ್ನೇ ಗಾಢ ಮಾಡಿಬಿಟ್ಟರೆ ಹತ್ತಿರದ ಸಾಲುಗಳಿಗೆ ಹೋಗಲು ಜಾಗವೇ ಉಳಿಯುವುದಿಲ್ಲ, ಕೊನೆಯ ಎರಡು ಮೂರು ಸಾಲು ಒಂದೇ ಕಪ್ಪು ಮುದ್ದೆಯಾಗುತ್ತವೆ.

ಎಲ್ಲ ಸಾಲಿಗೂ ಅದೇ ನೀಲಿಯನ್ನು ಹೆಚ್ಚುಹೆಚ್ಚು ದಪ್ಪಗೆ ಹಚ್ಚುವುದು ಇನ್ನೊಂದು ತಪ್ಪು. ದೂರದ ಬೆಟ್ಟ ನೀಲಿ ಎಂಬ ಪಾಠ ಹಗಲಿಗೆ ಸರಿ. ಸಂಜೆ ಬೆಳಕಿನ ಕಡೆ ನೋಡುವಾಗ, ನಡುವಿನ ಗಾಳಿಯೇ ಹೊಳೆಯುತ್ತಿರುವುದರಿಂದ, ಅತ್ಯಂತ ದೂರದ ಸಾಲು ಆಕಾಶದ ಗುಲಾಬಿಯನ್ನು ಮೈಗೆ ಹಚ್ಚಿಕೊಂಡಿರುತ್ತದೆ. ಅದಕ್ಕೆ ರೋಸ್ ಹೆಚ್ಚು, ಅಲ್ಟ್ರಾಮರೀನ್ ಕಡಿಮೆ ಇರುವ ತೆಳು ನೇರಳೆ. ಎರಡನೆಯ ಸಾಲಿಗೆ ಎರಡೂ ಸಮ. ಮೂರನೆಯದಕ್ಕೆ ಅಲ್ಟ್ರಾಮರೀನ್ ಮುಂದು, ಜೊತೆಗೆ ಚಿಟಿಕೆ ಬರ್ನ್ಟ್ ಸಿಯೆನ್ನಾ, ಇದು ನೀಲಿಬೂದು. ಹತ್ತಿರದ ಸಾಲಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಎರಡೂ ದಪ್ಪಗೆ. ಇವೆರಡು ಕೂಡಿ ಕೊಡುವ ಗಾಢತೆಗೆ ಉಸಿರಿದೆ: ಒಂದು ಕಡೆ ನೀಲಿಗೆ, ಇನ್ನೊಂದು ಕಡೆ ಕಂದಿಗೆ ವಾಲುತ್ತದೆ. ಕಪ್ಪು ಟ್ಯೂಬಿನಿಂದ ಇದು ಎಂದಿಗೂ ಬಾರದು.

ಪ್ರತಿ ಸಾಲನ್ನೂ ಹೀಗೆ ಹಚ್ಚಿ: ದುಂಡು ಕುಂಚದ ತುದಿಯಿಂದ ಮೇಲಂಚನ್ನು ಒಣ ಕಾಗದದ ಮೇಲೆ ಖಚಿತವಾಗಿ ಎಳೆಯಿರಿ. ಬಣ್ಣವನ್ನು ಬೆಟ್ಟದ ಅರ್ಧದವರೆಗೆ ಇಳಿಸಿ, ತಕ್ಷಣ ಶುದ್ಧ ನೀರಿನ ಕುಂಚದಿಂದ ಕೆಳಭಾಗವನ್ನು ಕರಗಿಸಿ. ಶಿಖರ ಗಾಢ, ಬುಡ ತಿಳಿ. ಆ ತಿಳಿಬುಡವೇ ಕಣಿವೆಯ ಮಂಜು. ಮಂಜನ್ನು ಬೇರೆಯಾಗಿ ಬಿಳಿ ಬಣ್ಣದಿಂದ ಬಳಿಯುವ ಅಗತ್ಯವಿಲ್ಲ. ಪೂರ್ತಿ ಒಣಗಿದ ಮೇಲೆ ಮುಂದಿನ ಸಾಲು. ಅವಸರಪಟ್ಟರೆ ಎರಡು ಸಾಲು ಒಂದಕ್ಕೊಂದು ಹರಿದು ದೂರವೇ ಅಳಿಸಿಹೋಗುತ್ತದೆ.

ಆಕಾರದ ಬಗ್ಗೆ ಇಷ್ಟು: ಅಂಚುಗಳು ಸಮಾನಾಂತರವಾಗಿ ಓಡಬಾರದು, ಗರಗಸದ ಹಲ್ಲಿನಂತೆ ಒಂದೇ ಅಳತೆಯಲ್ಲಿರಬಾರದು, ಒಂದರ ತುದಿ ಇನ್ನೊಂದರ ತುದಿಯ ನೇರ ಕೆಳಗೆ ಬೀಳಬಾರದು. ಸಾಲುಗಳು ಮೂರರಿಂದ ಐದು.

ಹಂತ 8: ಮುನ್ನೆಲೆ

ಮಬ್ಬಿನಲ್ಲಿ ನಮ್ಮ ಕಣ್ಣು ಬೇರೆ ಬಗೆಯಲ್ಲಿ ನೋಡುತ್ತದೆ. ಬೆಳಕು ಇಳಿದಂತೆ ಕೆಂಪು ವಸ್ತುಗಳು ಬೇಗ ಕಪ್ಪಾಗುತ್ತವೆ, ನೀಲಿ ಹಸಿರುಗಳು ಹೋಲಿಕೆಯಲ್ಲಿ ಹೆಚ್ಚು ಹೊತ್ತು ಕಾಣುತ್ತವೆ. ಇದನ್ನು ಪುರ್ಕಿಂಜೆ ಪರಿಣಾಮ ಎನ್ನುತ್ತಾರೆ. ಆದ್ದರಿಂದ ಮುನ್ನೆಲೆಯಲ್ಲಿ ಕೆಂಪು ಛಾವಣಿ ಇದ್ದರೆ ಅದು ಗಾಢ ಕಂದು. ಹುಲ್ಲು ನೀಲಿಬೂದಿನ ಕಡೆ ವಾಲಿದ ಮಂಕು ಹಸಿರು. ಸಂಜೆಯ ಚಿತ್ರದಲ್ಲಿ ಹಗಲಿನ ಹಸಿರು ಕಾಣಿಸಿದರೆ ಹೊತ್ತಿನ ಭಾವ ಅಲ್ಲಿಗೆ ಮುಗಿಯಿತು.

ವಿವರ ಕಡಿಮೆ ಇರಲಿ. ಮರಗಳ ತುದಿಯನ್ನು ರಿಗ್ಗರ್ ಕುಂಚದಿಂದ ಮುರಿದು ಮುರಿದು ಎಳೆಯಿರಿ, ಎಲೆ ಎಣಿಸಬೇಡಿ. ದೀಪ ಉರಿಯುವ ಮನೆಯೊಂದು ಬೇಕೆನಿಸಿದರೆ ಆ ಚುಕ್ಕೆಯ ಜಾಗವನ್ನು ಮೊದಲ ಹಳದಿಯಲ್ಲೇ ಬಿಟ್ಟು ಸುತ್ತಲೂ ಗಾಢವನ್ನು ಹಚ್ಚಿ. ಒಂದೇ ದೀಪ. ಎರಡನೆಯದನ್ನು ಇಟ್ಟರೆ ಕಣ್ಣು ಎರಡರ ನಡುವೆ ಅಲೆಯತೊಡಗುತ್ತದೆ.

ಹಂತ 9: ತಿದ್ದುಪಡಿ, ಮತ್ತು ಎಲ್ಲಿ ನಿಲ್ಲಿಸಬೇಕು

ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಅದರ ಫೋಟೊ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿ, ಮೂರನೇ ಹಂತದ ಕರಡಿನ ಪಕ್ಕದಲ್ಲಿಟ್ಟು ಹೋಲಿಸಿ. ಎರಡು ಸಾಲುಗಳು ಅಂಟಿಕೊಂಡಂತೆ ಕಂಡರೆ ಹತ್ತಿರದ ಸಾಲಿಗೆ ಇನ್ನೊಂದು ತೆಳು ಪದರ ಹಚ್ಚಿ.

ಆಕಾಶ ತೀರಾ ಉಬ್ಬರವಾಗಿ ಕೆಂಪಾಗಿದ್ದರೆ, ಪೂರ್ತಿ ಒಣಗಿದ ಮೇಲೆ ಅದರ ಮೇಲರ್ಧಕ್ಕೆ ಬಹಳ ತೆಳುವಾದ ಅಲ್ಟ್ರಾಮರೀನ್ ಪದರವನ್ನು ಒಂದೇ ಎಳೆತದಲ್ಲಿ ಎಳೆಯಿರಿ, ಕೆಂಪು ತಣ್ಣಗಾಗುತ್ತದೆ. ಬೆಟ್ಟದ ಬುಡ ಸಾಕಷ್ಟು ತಿಳಿಯಾಗದಿದ್ದರೆ ಒದ್ದೆ ಕುಂಚದಿಂದ ಮೆಲ್ಲಗೆ ತೇವಗೊಳಿಸಿ ಟಿಶ್ಯೂ ಒತ್ತಿ ಎತ್ತಿ. ಅಲ್ಟ್ರಾಮರೀನ್ ಸುಲಭವಾಗಿ ಎದ್ದುಬರುತ್ತದೆ, ರೋಸ್ ಕಾಗದವನ್ನು ಹಿಡಿದಿರುತ್ತದೆ. ಹಾಗಾಗಿ ಎತ್ತಿದ ಜಾಗ ಗುಲಾಬಿಯಾಗಿ ಉಳಿಯುತ್ತದೆ. ಸಂಜೆಗೆ ಅದು ಹೊಂದುತ್ತದೆ, ಚಿಂತೆಯಿಲ್ಲ. ಹಸಿರಾದ ಆಕಾಶವನ್ನು ತೆಳುವಾದ ರೋಸ್ ಪದರದಿಂದ ಸ್ವಲ್ಪ ಬೂದಿಗೆ ತಿರುಗಿಸಬಹುದು. ಆದರೆ ಕೆಸರಾದ ಆಕಾಶವನ್ನು ಉಳಿಸಲು ದಾರಿಯಿಲ್ಲ. ಬೆಟ್ಟ ಹಚ್ಚುವ ಮೊದಲೇ ಅದನ್ನು ಒಪ್ಪಿಕೊಂಡು ಹೊಸ ಕಾಗದ ಅಂಟಿಸಿ. ಕೆಟ್ಟ ಆಕಾಶದ ಮೇಲೆ ಒಳ್ಳೆಯ ಬೆಟ್ಟ ಹಚ್ಚುವುದು ಶ್ರಮದ ನಷ್ಟ.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂದು ಗುರುತು ಇದೆ. ಚಿತ್ರದ ಅತ್ಯಂತ ಬೆಳಕಿನ ಜಾಗವನ್ನು ಅಂಗೈಯಿಂದ ಮುಚ್ಚಿ. ಉಳಿದದ್ದು ಮಂಕಾಗಿ, ತಣ್ಣಗೆ ಕಂಡರೆ ಸರಿಯಾಗಿದೆ, ಕುಂಚ ತೊಳೆದಿಡಿ. ಕೈಯಿಂದ ಮುಚ್ಚಿದ ಮೇಲೂ ಬೇರೆ ಬೇರೆ ಕಡೆ ಹೊಳಪು ಕಣ್ಣಿಗೆ ಹೊಡೆದರೆ, ಆ ಜಾಗಗಳನ್ನು ಒಂದೊಂದಾಗಿ ತೆಳುಬೂದಿನಿಂದ ಇಳಿಸುತ್ತ ಬನ್ನಿ. ಟೇಪನ್ನು ಮರುದಿನ ಬಿಚ್ಚಿ, ಅಂಚಿನಿಂದ ಹೊರಕ್ಕೆ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ನೆಟ್ಟಗೆ ಮೇಲಕ್ಕೆಳೆದರೆ ಕಾಗದದ ಮೈ ಕಿತ್ತುಬರುತ್ತದೆ.